ನಾನೂರ ಹನ್ನೆರಡನೆಯ ವಿಮಾನ

ನಮ್ಮ ಚಿಕ್ಕಪ್ಪನಿಗೆ ಭೂಮಿಯ ಮೇಲಿರುವ ಯಾರ ಗುರುತೂ ಸಿಗುವುದಿಲ್ಲ. ದೂರು ಹೇಳುತ್ತಿಲ್ಲ, ಇರುವ ಸಂಗತಿ ಹೇಳುತ್ತಿದ್ದೇನೆ. ಬಸವೇಶ್ವರನಗರದ ಅವರ ಮನೆಯ ಎದುರು ಮನೆಯವರು ಇಪ್ಪತ್ತೆರಡು ವರ್ಷಗಳಿಂದ ಅಲ್ಲೇ ಇದ್ದಾರೆ. ಮೊನ್ನೆ ಅವರು ಗೇಟಿನ ಹತ್ತಿರ ನಿಂತು ನಮಸ್ಕಾರ ಹೇಳಿದರೆ ಚಿಕ್ಕಪ್ಪ, "ನಮಸ್ಕಾರ, ಯಾರ ಮನೆ ಹುಡುಕ್ತಾ ಇದೀರಿ?" ಎಂದು ಕೇಳಿದರಂತೆ! ಆದರೆ ಅದೇ ಹೊತ್ತಿಗೆ ಮೋಡದ ಮೇಲೆ, ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ ಒಂದು ವಿಮಾನ ಗುಂಯ್ ಎಂದು ಹೋಯಿತೆನ್ನಿ, ಅದು ಯಾವ ಜಾತಿಯದು, ಎಷ್ಟು ಇಂಜಿನ್ನು, ಅದರಲ್ಲಿ ಯಾವ ಇಂಜಿನ್ನಿಗೆ ನೆಗಡಿಯಾಗಿದೆ ಎಂಬುದನ್ನೆಲ್ಲ ಕತ್ತೆತ್ತದೆಯೇ ಹೇಳಿಬಿಡುತ್ತಾರೆ. ಹೇಳಿದ್ದು ಸರಿಯೋ ತಪ್ಪೋ ಪರೀಕ್ಷೆ ಮಾಡುವವರು ಯಾರು? ಮೇಲೆ ಹೋಗಿ ಕೇಳಿಕೊಂಡು ಬರಲಾದೀತೆ?

ಈ ಕಿವಿ ಅವರಿಗೆ ಬಂದದ್ದು ಮಗ್ಗದಿಂದ. ಬಿನ್ನಿಪೇಟೆ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಅವರು ಮಗ್ಗ ರಿಪೇರಿಯ ಕೆಲಸದಲ್ಲಿದ್ದರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಗದ್ದಲದಲ್ಲಿ ಬಾಗಿಲಲ್ಲೇ ನಿಂತು, "ಮೂರನೇ ಸಾಲು, ಕಿಟಕಿ ಕಡೆಯಿಂದ ಐದನೇದು, ಅದಕ್ಕೆ ಹುಷಾರಿಲ್ಲ" ಎನ್ನುತ್ತಿದ್ದರಂತೆ. ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು, ಅಲ್ಲೀಗ ಅಪಾರ್ಟ್‌ಮೆಂಟುಗಳಿವೆ. ಕಿವಿ ಮಾತ್ರ ಕೆಲಸ ಬಿಟ್ಟಿಲ್ಲ. ಕೆಳಗೆ ಮಗ್ಗ ಸಿಗದೆ ಮೇಲಕ್ಕೆ ತಿರುಗಿಕೊಂಡಿದೆ.

ಎಲ್ಲ ವಿಮಾನಗಳೂ ಅವರಿಗೆ ಇಷ್ಟವೇ ಎಂದುಕೊಳ್ಳಬೇಡಿ. ಜನರನ್ನು ತುಂಬಿಕೊಂಡು ಮುಂಬಯಿಗೆ ಹೋಗುವಂಥವು ಅವರ ಲೆಕ್ಕದಲ್ಲಿ ಬಿಎಂಟಿಸಿ ಬಸ್ಸುಗಳು. ಅವರ ಪ್ರಾಣವಿರುವುದು ಹಳೆಯ ಯುದ್ಧಕಾಲದ ವಿಮಾನಗಳಲ್ಲಿ. ಮೂಗಿನ ಮೇಲೋ ರೆಕ್ಕೆಯ ಮೇಲೋ ಫ್ಯಾನಿದ್ದು, ಹೊಗೆ ಕಾರಿ, ಎಣ್ಣೆ ಸೋರಿಸಿಕೊಂಡು ಗೊರಗೊರ ಎಂದು ಹಾರುವಂಥವು. ಏರ್ ಶೋ ನಡೆದರೆ ಸಾಕು, ಹೊಸ ಜೆಟ್ಟುಗಳು ಕಿವಿ ಹರಿಯುವಂತೆ ಪಲ್ಟಿ ಹೊಡೆಯುವಾಗ ಇವರು ಆಕಳಿಸುತ್ತಾ ಕುಳಿತಿರುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ಮುದಿ ವಿಮಾನ ಕುಂಟುತ್ತಾ ಬಂದರೆ ಎದ್ದು ನಿಂತು ಕೈಮುಗಿಯುತ್ತಾರೆ!

ಇಷ್ಟೆಲ್ಲ ಆದರೂ ಚಿಕ್ಕಪ್ಪ ಇವತ್ತಿನವರೆಗೆ ಒಂದೇ ಒಂದು ಸಲ ವಿಮಾನ ಹತ್ತಿಲ್ಲ. ನಮ್ಮಣ್ಣ ಒಮ್ಮೆ ಪ್ರೀತಿಯಿಂದ, "ಹುಬ್ಬಳ್ಳಿ ಮದುವೆಗೆ ಫ್ಲೈಟಲ್ಲಿ ಹೋಗೋಣ, ನಿಮ್ಗೂ ಟಿಕೆಟ್ ಮಾಡಿಸ್ತೀನಿ" ಎಂದ. ಚಿಕ್ಕಪ್ಪ ಅವನನ್ನು ಕನಿಕರದಿಂದ ನೋಡಿ, "ಒಳಗೆ ಕೂತ್ಕೊಂಡ್ರೆ ವಿಮಾನ ಕಾಣಲ್ವಲ್ಲೋ" ಎಂದರು. ರೈಲಿನಲ್ಲೇ ಹೋಗಿ ಬಂದರು.

ಇನ್ನು ಸೊಳ್ಳೆ ಹೊಗೆಯ ಪ್ರಸಂಗ. ಒಂದು ಸಂಜೆ ಬೀದಿಯ ತುದಿಯಲ್ಲಿ ಭರ್ರ್ ಎಂದು ಸದ್ದು ಕೇಳಿದ್ದೇ ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಪೌರಕಾರ್ಮಿಕನೊಬ್ಬ ಹೆಗಲಿಗೆ ಯಂತ್ರ ಹಾಕಿಕೊಂಡು ಚರಂಡಿಗೆ ಹೊಗೆ ಬಿಡುತ್ತಿದ್ದ. ಮಕ್ಕಳೂ ದೊಡ್ಡವರೂ ಮೂಗು ಮುಚ್ಚಿಕೊಂಡು ಒಳಗೆ ಓಡುತ್ತಿದ್ದರೆ ನಮ್ಮವರು ಹೊಗೆಯೊಳಕ್ಕೇ ನುಗ್ಗಿದರು.

"ಸಾರ್, ಸೈಡಿಗ್ ಬನ್ನಿ ಸಾರ್, ಸೊಳ್ಳೆ ಔಷ್ದಿ!"

"ನಿನ್ನ ಹೆಗಲ ಮೇಲಿರೋದು ಏನು ಅಂತ ಗೊತ್ತೇನಪ್ಪಾ? ಪಲ್ಸ್ ಜೆಟ್! ಮಹಾಯುದ್ಧದಲ್ಲಿ ಹಾರೋ ಬಾಂಬಿಗೆ ಇದೇ ಇಂಜಿನ್ನು ಇದ್ದಿದ್ದು!"

"ಅಯ್ಯೋ, ಇದು ಸ್ಟಾರ್ಟ್ ಆಗೋದೇ ಕಷ್ಟ ಸಾರ್."

"ಆಗ್ಲೂ ಹಂಗೇ ಕಣಪ್ಪಾ!"

ನಾಲ್ಕು ದಿನ ಕೆಮ್ಮಿದರು. ಚಿಕ್ಕಮ್ಮ ಶುಂಠಿ ಕಷಾಯ ಕೊಡುತ್ತಾ ಕೇಳಿದ್ದು ಒಂದೇ ಮಾತು: "ಸೊಳ್ಳೆನಾದ್ರೂ ಸತ್ವಾ?"

ಚಿಕ್ಕಮ್ಮನ ವಿಷಯ ಹೇಳದೆ ಈ ಮನುಷ್ಯನ ವಿಷಯ ಹೇಳಲು ಬರುವುದಿಲ್ಲ. ಅವರಿಬ್ಬರ ಮದುವೆ ಕುದುರಿದ ಕಥೆಯನ್ನು ಚಿಕ್ಕಮ್ಮ ನನಗೆ ಎಷ್ಟು ಸಲ ಹೇಳಿದ್ದಾರೋ! ಸುಮಾರು ನಲವತ್ತು ವರ್ಷಗಳ ಹಿಂದೆ ರಾಜಾಜಿನಗರದ ಅವರ ಮನೆಗೆ ಚಿಕ್ಕಪ್ಪ ಹೆಣ್ಣು ನೋಡಲು ಹೋದರು. ಜೊತೆಗೆ ನಮ್ಮ ಅಜ್ಜ. ತಟ್ಟೆಯಲ್ಲಿ ಉಪ್ಪಿಟ್ಟು, ಬಾಳೆಹಣ್ಣು. ಹುಡುಗಿ ಕಾಫಿ ಹಿಡಿದು ಬಾಗಿಲಿಗೆ ಬರುವುದಕ್ಕೂ ಆಕಾಶದಲ್ಲಿ ಗೊರಗೊರ ಎನ್ನುವುದಕ್ಕೂ ಸರಿಹೋಯಿತು. ಚಿಕ್ಕಪ್ಪ ಬಾಯಲ್ಲಿದ್ದ ಉಪ್ಪಿಟ್ಟು ನುಂಗದೆಯೇ ಎದ್ದರು. ನಡುಮನೆ ದಾಟಿ, ಅಡುಗೆಮನೆಯಲ್ಲಿದ್ದ ಹೆಂಗಸರನ್ನು ದಾಟಿ, ಹಿತ್ತಿಲ ಮೆಟ್ಟಿಲು ಹತ್ತಿ ತಾರಸಿಗೆ ಓಡಿದರು! ಹುಡುಗಿಯ ತಂದೆ ಅಜ್ಜನ ಕಡೆ ತಿರುಗಿ, ಹಣೆಯ ಪಕ್ಕದಲ್ಲಿ ಬೆರಳು ತಿರುಗಿಸಿ, "ಹುಡುಗನಿಗೆ ಏನಾದ್ರೂ..." ಎಂದು ಮೆಲ್ಲಗೆ ಕೇಳಿದರು.

"ಛೇ ಛೇ, ಅದೇನಿಲ್ಲ. ವಿಮಾನ" ಎಂದರು ಅಜ್ಜ, ನೆಲ ನೋಡುತ್ತಾ.

ಆಮೇಲೆ ನೋಡಿದರೆ ಹುಡುಗಿಯೂ ಇಲ್ಲ! ಅವಳು ಕಾಫಿ ಲೋಟ ಹಿಡಿದುಕೊಂಡೇ ತಾರಸಿ ಹತ್ತಿದ್ದಳು. ಅಲ್ಲಿ ಈ ಮಹಾರಾಯರು ಕತ್ತೆತ್ತಿಕೊಂಡು, "ಡಕೋಟಾ! ಯುದ್ಧದ ಕಾಲದ್ದು! ಅಯ್ಯೋ, ಬಿಸಿಲು ಕಣ್ಣಿಗೆ ಬಿತ್ತು, ಬಾಲದ ಮೇಲಿನ ನಂಬರ್ ಕಾಣ್ಲೇ ಇಲ್ಲ" ಎಂದು ಒದ್ದಾಡುತ್ತಿದ್ದರು. ಬೇರೆ ಯಾವ ಹುಡುಗಿಯಾದರೂ ಕೆಳಗಿಳಿದು ಹೋಗಿ ಅಪ್ಪನಿಗೆ ಬೇಡವೆಂದು ಹೇಳುತ್ತಿದ್ದಳು. ಚಿಕ್ಕಮ್ಮ ಲೋಟ ಕೈಗೆ ಕೊಟ್ಟು, "ಬಿಡಿ, ಮುಂದಿನ ಸಲ ನಾನು ನೋಡ್ಕೋತೀನಿ" ಎಂದರಂತೆ. ಚಿಕ್ಕಪ್ಪ ಕೆಳಗೆ ಬಂದವರೇ, ಹುಡುಗಿಯ ಮುಖ ಸರಿಯಾಗಿ ನೋಡಿದ್ದರೋ ಇಲ್ಲವೋ, ಒಪ್ಪಿಗೆ ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು ಆ ಉದ್ದನೆಯ ನೋಟ್‌ಬುಕ್ಕು. ಚಿಕ್ಕಪ್ಪ ಮೇಲೆ ನೋಡುತ್ತಾ ವಿಮಾನದ ಹೆಸರು, ನಂಬರು ಕೂಗುವುದು, ಚಿಕ್ಕಮ್ಮ ಬರೆದುಕೊಳ್ಳುವುದು. ಚಿಕ್ಕಪ್ಪನ ಕಣ್ಣು ಆಕಾಶದಿಂದ ಕೆಳಗಿಳಿಯುವಂತಿಲ್ಲವಲ್ಲ! ಚಿಕ್ಕಮ್ಮ ಅಂಕಿಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದರು. ಏರ್ ಶೋಗಳಲ್ಲಿ ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತು ಬರುವ ಉತ್ತರ ಭಾರತದ ಹುಡುಗರು ಅದನ್ನು ಇಣುಕಿ ನೋಡಿ, ಇದೇನೋ ಮಿಲಿಟರಿ ಗುಪ್ತಲಿಪಿಯೆಂದು ಆಂಟಿಗೆ ದಾರಿ ಬಿಡುತ್ತಿದ್ದರಂತೆ. ಚಿಕ್ಕಮ್ಮ ಬರೀ ನಂಬರು ಬರೆದು ಸುಮ್ಮನಿರುವ ಪೈಕಿಯಲ್ಲ. ಪಕ್ಕದಲ್ಲಿ ತಮ್ಮದೊಂದು ಷರಾ. ಮೊದಲನೇ ಪುಟದ ಮೊದಲನೇ ಸಾಲು ಹೀಗಿದೆ: "೧. ಡಕೋಟಾ. ನಂಬರ್ ಕಾಣಲಿಲ್ಲ. ಕಾಫಿ ಆರಿತು." ಮುಂದೆ ಎಲ್ಲೋ ಒಂದು ಕಡೆ, "ಇವರ ಟೋಪಿ ಹಾರಿತು, ವಿಮಾನಕ್ಕಿಂತ ಚೆನ್ನಾಗಿ."

ಅವರದೊಂದು ಪದ್ಧತಿಯಿತ್ತು. ಪುಸ್ತಕ ಮುಚ್ಚುವ ಮುಂಚೆ ಕೊನೆಯ ಸಾಲಿನ ಕೆಳಗೆ ಮುಂದಿನ ಕ್ರಮಸಂಖ್ಯೆ ಹಾಕಿ, ಪಕ್ಕದಲ್ಲಿ ಖಾಲಿ ಬಿಡುವುದು. ಯಾಕೆ ಚಿಕ್ಕಮ್ಮ ಎಂದು ಒಮ್ಮೆ ಕೇಳಿದ್ದೆ. "ನಂಬರ್ ಹಾಕಿಟ್ರೆ ಅದು ಬರ್ಲೇಬೇಕು ಕಣೇ. ಊಟಕ್ಕೆ ಕರೆದು ಎಲೆ ಹಾಕಿ ಕೂತಿದ್ರೆ ಬರ್ದೇ ಇರ್ತಾರಾ?" ಎಂದರು.

ಅವರಿಬ್ಬರೂ ಒಟ್ಟಿಗೆ ಹೋದ ಕೊನೆಯ ಏರ್ ಶೋದಲ್ಲಿ ಡಕೋಟಾ ಹಾರುತ್ತದೆಂದು ಮೈಕಿನಲ್ಲಿ ಹೇಳಿದ್ದರು. ಎಲ್ಲೋ ತುಕ್ಕು ಹಿಡಿದು ಬಿದ್ದಿದ್ದನ್ನು ಯಾರೋ ಪುಣ್ಯಾತ್ಮರು ರಿಪೇರಿ ಮಾಡಿಸಿ ತಂದಿದ್ದರಂತೆ. ಚಿಕ್ಕಮ್ಮ ಆಸೆಯಿಂದ ಮುಂಚೆಯೇ ಬರೆದರು: "೪೧೨. ಡಕೋಟಾ." ಅದರ ಇಂಜಿನ್ನಿಗೆ ಅವತ್ತು ಏನೋ ಆಗಿ ಅದು ಮೇಲೇಳಲೇ ಇಲ್ಲ. "ಹೋಗ್ಲಿ ಬಿಡ್ರೀ, ಮುಂದಿನ ಸಲ" ಎಂದು ಪುಸ್ತಕ ಮುಚ್ಚಿದರು. ಮುಂದಿನ ಸಲ ಎಂದರೆ ಎರಡು ವರ್ಷ. ಅಷ್ಟು ದಿನ ಚಿಕ್ಕಮ್ಮ ಇರಲಿಲ್ಲ.

ಆಮೇಲೆ ಚಿಕ್ಕಪ್ಪ ಆ ಪುಸ್ತಕದಲ್ಲಿ ಒಂದಕ್ಷರ ಬರೆಯಲಿಲ್ಲ. ನೀವೇ ಬರ್ಕೊಳ್ಳಿ ಎಂದರೆ, "ಕಣ್ಣು ಮೇಲಿದ್ರೆ ಕೈ ಕೆಳಗೆ ಹೆಂಗಮ್ಮಾ ಬರೆಯುತ್ತೆ?" ಎನ್ನುತ್ತಿದ್ದರು. ಮನೆಗೆ ಯಾರು ಹೋದರೂ ಪುಸ್ತಕ ತೆಗೆದು ೪೧೨ ತೋರಿಸುವುದು, "ಇದೊಂದು ತುಂಬಿಸ್ಬೇಕು. ಯಾರಾದ್ರೂ ಜೊತೆಗೆ ಬಂದ್ರೆ ಆಗೋಗುತ್ತೆ" ಎನ್ನುವುದು. ನಾವೆಲ್ಲ ಹೂಂ ಹೂಂ ಎಂದು ಕಾಫಿ ಕುಡಿದು ಎದ್ದು ಬರುವುದು.

ಒಂದು ಸಂಜೆ ವಿಜಯನಗರದಿಂದ ಅವರಿಗೆಂದು ಚಟ್ನಿಪುಡಿ ತೆಗೆದುಕೊಂಡು ಹೋಗಿದ್ದೆ. ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ತಾರಸಿಯಲ್ಲಿ ಮಾತು ಕೇಳಿಸಿತು. ಸದ್ಯ, ಯಾರೋ ಬಂದಿದ್ದಾರೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಚಿಕ್ಕಪ್ಪ ನೀರಿನ ಟ್ಯಾಂಕಿಗೆ ಒರಗಿ, ಮೇಲೆ ನೋಡುತ್ತಾ, "ಎರಡು ಇಂಜಿನ್. ಉತ್ತರಕ್ಕೆ" ಎಂದರು. ಆಮೇಲೆ ಸುಮ್ಮನಾದರು. ಒಬ್ಬರು ಅಷ್ಟನ್ನು ಬರೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟು ಹೊತ್ತು ಸುಮ್ಮನಿದ್ದು, "ಹೂಂ, ಇನ್ನೊಂದು ಬರ್ತಿದೆ ನೋಡು" ಎಂದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾನು ಸದ್ದು ಮಾಡದೆ ಕೆಳಗಿಳಿದೆ. ಚಟ್ನಿಪುಡಿಯ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಹೇಳದೆ ಕೇಳದೆ ಬಂದುಬಿಟ್ಟೆ. ಬಸ್ಸಿನಲ್ಲಿ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಗೊತ್ತಿಲ್ಲ. ನಾನೂ ಒಬ್ಬಂಟಿ. ಮದುವೆ ಗಿದುವೆ ಆಗಲಿಲ್ಲ, ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ಸಂಜೆ ಮನೆಗೆ ಬಂದರೆ ಮಾತಾಡುವುದು ಕುಕ್ಕರ್ ಒಂದೇ. ಅದೂ ಮೂರು ಮಾತಾಡಿ ಸುಮ್ಮನಾಗುತ್ತದೆ. ಒಬ್ಬಂಟಿಯಾದವರು ಏನೇನು ಮಾಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೆ ಏರ್ ಶೋ ಬಂತು. ಚಿಕ್ಕಪ್ಪ ಎಂದಿನಂತೆ ಇಬ್ಬರಿಗೆ ಪಾಸು ತೆಗೆದುಕೊಂಡರು. ನಮ್ಮಣ್ಣನಿಗೆ ಆಫೀಸು. ಅತ್ತಿಗೆಗೆ ಬಿಸಿಲು ಆಗುವುದಿಲ್ಲ. ನನಗೆ ಎರಡು ಸಲ ಫೋನು ಬಂತು. ಮೊದಲ ಸಲ ತಲೆನೋವು ಎಂದೆ, ಎರಡನೇ ಸಲ ಆಡಿಟ್ ಎಂದೆ. ನಿಜ ಹೇಳಬೇಕೆಂದರೆ, ಚಿಕ್ಕಮ್ಮನ ಕುರ್ಚಿಯಲ್ಲಿ ಕೂರಲು ಹೆದರಿಕೆಯಾಗುತ್ತಿತ್ತು. ಮೂರನೇ ಸಲ ಮಾಡಿದವರು ಬಾ ಎನ್ನಲಿಲ್ಲ.

"ರೊಟ್ಟಿ ಮಾಡ್ಕೊಡ್ತೀಯೇನಮ್ಮಾ? ಖಡಕ್ ರೊಟ್ಟಿ. ಅವಳು ಮಾಡ್ತಿದ್ಲಲ್ಲ, ಹಂಗೆ. ಇಬ್ರಿಗೆ ಆಗೋಷ್ಟು."

"ಇಬ್ರು ಯಾರು ಚಿಕ್ಕಪ್ಪ? ಯಾರು ಬರ್ತಾರೆ ನಿಮ್ ಜೊತೆ?"

"ಯಾರಿಲ್ಲ. ಒಂದೇ ಪಾಲು ಕಟ್ಕೊಂಡು ಯಾವತ್ತೂ ಹೋಗಿಲ್ಲ, ಅದಕ್ಕೆ."

ಹಾಳಾದ ಆಡಿಟ್ ಆಡಿಟ್ಟಿನ ಪಾಡಿಗಿರಲಿ ಎಂದು ರಜೆ ಹಾಕಿದೆ.

ಮುಂಜಾನೆಯೇ ಮೆಜೆಸ್ಟಿಕ್ಕಿಗೆ ಹೋಗಿ ಅಲ್ಲಿಂದ ಯಲಹಂಕದ ಬಸ್ಸು. ನನ್ನ ಕೈಯಲ್ಲಿ ಚಿಕ್ಕಮ್ಮನ ಟಿಫಿನ್ ಕ್ಯಾರಿಯರ್, ಅವರ ಕೈಯಲ್ಲಿ ನೋಟ್‌ಬುಕ್ಕು, ಕೊಡೆ, ಪರ್ಸಿನ ಗಾತ್ರಕ್ಕೆ ಮಡಚಿದ ಒಂದು ಕಾಗದ. ಕಾಗದದಲ್ಲಿ ನಲವತ್ತು ಪ್ರಶ್ನೆಗಳು! ಹಳೆಯ ಪೈಲಟ್ಟುಗಳನ್ನು ಒಂದು ಟೆಂಟಿನಲ್ಲಿ ಕೂರಿಸುತ್ತಾರೆ, ಜನ ಹೋಗಿ ಮಾತಾಡಬಹುದು ಎಂದು ಪೇಪರಿನಲ್ಲಿ ಓದಿದ್ದರು. ಡಕೋಟಾ ಹಾರಿಸಿದ ಒಬ್ಬ ಪೈಲಟ್ಟನ್ನಾದರೂ ಕಣ್ಣಾರೆ ನೋಡಬೇಕೆಂಬುದು ಅವರ ಮೂವತ್ತು ವರ್ಷಗಳ ಹಂಬಲ. ಅದಕ್ಕಾಗಿ ಎಲ್ಲೆಲ್ಲಿಗೋ ಕಾಗದಗಳನ್ನೂ ಬರೆದಿದ್ದರು.

ಟೆಂಟಿನ ಮೂಲೆಯಲ್ಲಿ ತೊಂಬತ್ತು ದಾಟಿದ ಹಿರಿಯರೊಬ್ಬರು ನೀಲಿ ಟೋಪಿ ಹಾಕಿ, ಎದೆಯ ಮೇಲೆ ಪದಕಗಳನ್ನು ಸಿಕ್ಕಿಸಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಅವರ ಮುಂದಿಟ್ಟಿದ್ದ ಚೀಟಿಯಲ್ಲಿ ಡಕೋಟಾ ಎಂದಿತ್ತು. ಸುತ್ತ ಹುಡುಗರ ದಂಡು. ಎಷ್ಟು ಯುದ್ಧ, ಎಷ್ಟು ಗುಂಡು, ಭಯ ಆಯಿತೇ ಎಂದು ಒಂದೇ ಸಮನೆ ಪ್ರಶ್ನೆಗಳು. ನಮ್ಮ ಸರದಿ ಬಂತು. ಚಿಕ್ಕಪ್ಪ ಕಾಗದ ಬಿಡಿಸಿದರು. ಕನ್ನಡಕ ತೆಗೆದು ಒರೆಸಿದರು. ಬಾಯಿ ತೆರೆದು ಮುಚ್ಚಿದರು. ಮೂವತ್ತು ವರ್ಷ ಕಾದು, ನಲವತ್ತು ಪ್ರಶ್ನೆ ಬರೆದುಕೊಂಡು ಬಂದವರು ಕೊನೆಗೆ ಕೇಳಿದ್ದೇನು ಗೊತ್ತೇ?

"ಸಾರ್... ಊಟ ಆಯ್ತಾ ಸಾರ್?"

ನಾನು ಹಣೆ ಹಣೆ ಚಚ್ಚಿಕೊಂಡೆ. ಆದರೆ ಆ ಹಿರಿಯರ ಮುಖ ಅರಳಿತು.

"ಇಲ್ಲ ಕಣ್ರೀ! ಬೆಳಗ್ಗಿಂದ ಎಲ್ರೂ ಯುದ್ಧದ್ದೇ ಕೇಳ್ತಿದಾರೆ. ಊಟದ್ದು ಯಾರೂ ಕೇಳ್ಲಿಲ್ಲ. ಏನಿದೆ ಅದ್ರಲ್ಲಿ?"

ಕ್ಯಾರಿಯರ್ ಬಿಚ್ಚಿದೆ. ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಮೇಜಿನ ವೀರರೆಲ್ಲ ತಿರುಗಿ ನೋಡಿದರು. "ನಂಗೆ ಹಲ್ಲು ಸ್ವಂತದ್ದಲ್ಲ, ಮೊಸರಲ್ಲಿ ನೆನೆಸಮ್ಮಾ" ಎಂದರು ಹಿರಿಯರು. ನೆನೆಸಿ ಕೊಟ್ಟೆ. ತಿನ್ನುತ್ತಾ, "ಎಲ್ಲಿಂದ ಬಂದ್ರಿ?" ಎಂದು ಕೇಳಿದರು.

"ಬಸವೇಶ್ವರನಗರದಿಂದ ಸಾರ್."

"ಅರೆ! ನಾನು ಮಹಾಲಕ್ಷ್ಮಿ ಲೇಔಟು!" ಎಂದವರೇ ಚಿಕ್ಕಪ್ಪನನ್ನು ದಿಟ್ಟಿಸಿದರು. "ಇರಿ ಇರಿ. ನೀವು ವಾಕಿಂಗಿಗೆ ನಮ್ಮ ಪಾರ್ಕಿಗೆ ಬರ್ತೀರಲ್ವಾ? ಕತ್ತೆತ್ಕೊಂಡು ನಡೆಯೋರು! ನಾನು ಬೆಂಚಿನ ಪಕ್ಕ ಈ ಗಾಲಿಕುರ್ಚಿಲೇ ಕೂತು ದಿನಾ ನಮಸ್ಕಾರ ಹೇಳ್ತೀನಿ. ನೀವು ಒಂದಿನಾನೂ ಕೆಳಗೆ ನೋಡಿಲ್ಲ!"

ಚಿಕ್ಕಪ್ಪ ಕೈಯಲ್ಲಿದ್ದ ಕಾಗದದಿಂದ ಮುಖ ಮರೆಮಾಡಿಕೊಂಡರು. ಡಕೋಟಾ ಪೈಲಟ್ಟಿಗಾಗಿ ಕೊಲ್ಕತ್ತಾದವರೆಗೆ ಕಾಗದ ಬರೆದ ಮನುಷ್ಯ! ನನಗೆ ನಗು ತಡೆಯಲಾಗಲಿಲ್ಲ. ಹಿರಿಯರೂ ನಕ್ಕರು. ನಗು ನಿಂತ ಮೇಲೆ ನನ್ನ ತೊಡೆಯ ಮೇಲಿದ್ದ ನೋಟ್‌ಬುಕ್ಕನ್ನು ನೋಡಿ, ಅದೇನು ಎಂದರು. ನಾನೇ ಹೇಳಿದೆ. ಕೂಗುವವರು ಇವರು, ಬರೆಯುವವರು ಚಿಕ್ಕಮ್ಮ, ಅವರು ಹೋದರು, ೪೧೨ ಖಾಲಿ ಉಳಿದಿದೆ. ಹಿರಿಯರು ರೊಟ್ಟಿ ತಿನ್ನುವುದನ್ನು ನಿಲ್ಲಿಸಿದರು.

"ನಂಗೂ ಒಬ್ಬ ಇದ್ದ" ಎಂದರು. "ನನ್ನ ನ್ಯಾವಿಗೇಟರ್. ದಾರಿ ಲೆಕ್ಕ ಹಾಕೋನು. ಎಷ್ಟು ಎತ್ರ, ಯಾವ ದಿಕ್ಕು, ನಾನು ಹೇಳೋದು, ಹಿಂದೆ ಕೂತು ಅವನು ಬರ್ಕೊಳೋದು. ಹೋಗ್ಬಿಟ್ಟ ಅವನು. ಈಗ್ಲೂ ಒಂದೊಂದ್ಸಲ ಮನೇಲಿ ಕೂತು ಹೇಳ್ಬಿಡ್ತೀನಿ. ಸೊಸೆ ಬಂದು, ಏನಾದ್ರೂ ಬೇಕಾ ಮಾವ ಅಂತಾಳೆ."

ಚಿಕ್ಕಪ್ಪ ಬಗ್ಗಿ, ಯಾರಿಗೂ ಕೇಳಿಸಬಾರದ ವಿಷಯವೆನ್ನುವಂತೆ ಕೇಳಿದರು. "ಹೇಳಿ... ಆಮೇಲೆ ಸ್ವಲ್ಪ ಹೊತ್ತು ಸುಮ್ನಿರ್ತೀರಾ ಸಾರ್?"

"ಇರ್ತೀನಿ ಮತ್ತೆ. ಅವನು ಬರ್ಕೋಬೇಕಲ್ರೀ."

ನಲವತ್ತು ಪ್ರಶ್ನೆಯ ಕಾಗದವನ್ನು ಚಿಕ್ಕಪ್ಪ ಮಡಚಿ ಜೇಬಿಗಿಟ್ಟುಕೊಂಡರು.

ಅಷ್ಟರಲ್ಲಿ ಮೈಕು ಡಕೋಟಾ ಎಂದು ಕೂಗಿತು. ಗಾಲಿಕುರ್ಚಿಯನ್ನು ತಳ್ಳಿಕೊಂಡು ಮೂವರೂ ಟೆಂಟಿನ ಹೊರಗೆ ಬಂದೆವು. ರನ್‌ವೇಯ ತುದಿಯಲ್ಲಿ ಗೊರಗೊರ ಶುರುವಾಯಿತು. ಇಂಜಿನ್ನಿಗೆ ಈ ಸಲ ಏನೂ ಆಗಲಿಲ್ಲ. ಬೊಜ್ಜು ಬಂದ ಅಜ್ಜಿಯೊಬ್ಬಳು ಮೊಣಕಾಲು ಹಿಡಿದುಕೊಂಡು ಏಳುವಂತೆ ಅದು ನಿಧಾನಕ್ಕೆ ನೆಲ ಬಿಟ್ಟಿತು. ಒಂದು ಸುತ್ತು ಹಾಕಿ ನಮ್ಮ ತಲೆಯ ಮೇಲೇ, ತೀರಾ ಕೆಳಗೆ ಬಂತು. ಹಿರಿಯರು ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳುತ್ತಿದ್ದರು. ನಾನು ಪುಸ್ತಕ ತೆರೆದು, ೪೧೨ರ ಮುಂದೆ ಪೆನ್ನಿಟ್ಟು ಕಾದೆ.

ಚಿಕ್ಕಪ್ಪ ಕೂಗಲಿಲ್ಲ.

ತಿರುಗಿ ನೋಡಿದೆ. ಕತ್ತು ಮೇಲಿತ್ತು, ತುಟಿ ಅಲುಗುತ್ತಿತ್ತು, ಧ್ವನಿಯೇ ಇಲ್ಲ. ಕನ್ನಡಕದ ಕೆಳಗಿಂದ ನೀರು ಇಳಿದು ಬಿಳಿ ಮೀಸೆಗೆ ಸೇರುತ್ತಿತ್ತು. "ಚಿಕ್ಕಪ್ಪ, ನಂಬರ್!" ಎಂದೆ. ಆಗಲಿಲ್ಲ ಅವರಿಂದ. ಕಣ್ಣೀರಿನಲ್ಲಿ ಏನು ಕಂಡೀತು? ವಿಮಾನ ನಮ್ಮನ್ನು ದಾಟಿ ಹೋಯಿತು. "ಕಾಣ್ತಿಲ್ಲ ಕಣಮ್ಮಾ" ಎಂದರು, ತಪ್ಪು ಮಾಡಿದವರ ಹಾಗೆ. "ಈ ಸಲಾನೂ ಕಾಣ್ತಿಲ್ಲ."

"ಬಿಡಿ ಚಿಕ್ಕಪ್ಪ" ಎಂದೆ. "ಇನ್ನೊಂದು ಸುತ್ತು ಬರುತ್ತಲ್ಲ, ನಾನು ನೋಡ್ಕೋತೀನಿ."

ಯಾರ ಮಾತು ನನ್ನ ಬಾಯಲ್ಲಿ ಬಂತೆಂದು ನನಗೆ ಹೊಳೆಯುವ ಮೊದಲೇ ಅವರಿಗೆ ಹೊಳೆದಿತ್ತು. ವಿಮಾನವಿನ್ನೂ ಆಕಾಶದಲ್ಲಿರುವಾಗಲೇ ಚಿಕ್ಕಪ್ಪ ಕಣ್ಣು ಕೆಳಗಿಳಿಸಿ ನನ್ನ ಮುಖ ನೋಡಿದರು. ನನಗೆ ಗೊತ್ತಿರುವಂತೆ ಅವರು ಹಾಗೆ ಮಾಡಿದ್ದು ಅದೇ ಮೊದಲು.

ವಿಮಾನ ತಿರುಗಿ ಬಂತು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. ಬಾಲದ ಮೇಲೆ ಎರಡಕ್ಷರ, ಮೂರು ಅಂಕಿ. ಜೋರಾಗಿ ಓದಿದೆ, ಬರೆದೆ. ಅಂಕಿಗಳನ್ನು ಕನ್ನಡದಲ್ಲೇ ಬರೆದೆ. ಪಕ್ಕದಲ್ಲಿ ಷರಾ: "ನಂಬರ್ ಕಾಣಿಸಿತು. ರೊಟ್ಟಿ ಖಾಲಿ." ಪುಸ್ತಕ ಮುಚ್ಚುವ ಮುಂಚೆ, ಯಾಕೆಂದು ಯೋಚಿಸಲೂ ಇಲ್ಲ, ಕೆಳಗಿನ ಸಾಲಿನಲ್ಲಿ ೪೧೩ ಎಂದು ಬರೆದು ಖಾಲಿ ಬಿಟ್ಟೆ.

ಚಿಕ್ಕಪ್ಪ ಪುಸ್ತಕ ಇಸಿದುಕೊಂಡರು. ಚಿಕ್ಕಮ್ಮನ ೪೧೨ರ ಮೇಲೆ ಬೆರಳಿಟ್ಟರು, ಆಮೇಲೆ ನನ್ನ ೪೧೩ರ ಮೇಲೆ. ಬೆರಳು ಅಲ್ಲೇ ಬಹಳ ಹೊತ್ತು ನಿಂತಿತು.

"ನಂಬರ್ ಹಾಕಿದೀಯ" ಎಂದರು. "ಹಾಕಿದ್ಮೇಲೆ ಬರ್ಲೇಬೇಕು."

"ಬರುತ್ತೆ ಬಿಡಿ ಚಿಕ್ಕಪ್ಪ. ವಿಮಾನಕ್ಕೇನು ಬರ?"

"ವಿಮಾನ ಅಲ್ಲ ಕಣಮ್ಮಾ" ಎಂದರು ಚಿಕ್ಕಪ್ಪ. "ನೀನು."